ತಾಳಿಕೋಟೆಯ ನಂತರವೂ ಬೆಳಗಾಗಿತ್ತು

ಬನಶಂಕರಿಯಿಂದ ಬಸವನಗುಡಿ ದಾಟಿ ಗವಿಪುರದ ಕಡೆಗೆ ಹೋದರೆ, ಕೆಂಪಾಂಬುಧಿ ಕೆರೆಯ ಪಕ್ಕದ ಬಂಡೆಯ ಮೇಲೆ ಕೆಂಪೇಗೌಡ ಗೋಪುರವಿದೆ. ಸಣ್ಣದೊಂದು ಮಂಟಪ, ಮೇಲೊಂದು ಶಿಖರ, ಅಷ್ಟೇ. ಸುತ್ತ ಎದ್ದಿರುವ ಮಹಡಿಮನೆಗಳ ನಡುವೆ ಅದನ್ನು ಹುಡುಕಿಕೊಂಡು ಹೋಗಬೇಕು. ಇಂಥವೇ ಇನ್ನು ಮೂರು ಲಾಲ್‌ಬಾಗ್‌ನ ಬಂಡೆಯ ಮೇಲೆ, ಹಲಸೂರು ಕೆರೆಯ ಬಳಿ, ಮೇಖ್ರಿ ವೃತ್ತದ ಹತ್ತಿರ ಇವೆ. ಊರು ಇಷ್ಟು ದೂರ ಬೆಳೆಯುತ್ತದೆಂದು ಗೌಡರು ಮೊದಲೇ ಗುರುತು ಹಾಕಿಟ್ಟರು ಎಂಬ ಕಥೆ ಬೆಂಗಳೂರಿಗರ ಬಾಯಲ್ಲಿದೆ. ಕಾವಲಿಗೆ ಕಟ್ಟಿಸಿರಬೇಕು ಎನ್ನುವವರೂ ಇದ್ದಾರೆ. ಆ ವಾದ ಇಲ್ಲಿ ಬೇಡ. ನೋಡಬೇಕಾದ್ದು ಅವುಗಳ ಕಾಲವನ್ನು. ಇಮ್ಮಡಿ ಕೆಂಪೇಗೌಡರು 1597ರ ಸುಮಾರಿಗೆ ಇವನ್ನು ಕಟ್ಟಿಸಿದರೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅಂದರೆ ತಾಳಿಕೋಟೆಯ ಯುದ್ಧ ಮುಗಿದು ಮೂವತ್ತು ವರ್ಷ ದಾಟಿದ ಮೇಲೆ. ನಮ್ಮ ಜನಪ್ರಿಯ ಇತಿಹಾಸದ ಪ್ರಕಾರ ಆಗ ಕನ್ನಡ ನಾಡಿನಲ್ಲಿ ಕತ್ತಲೆ ಕವಿದಿರಬೇಕಿತ್ತು, ಸಾಮ್ರಾಜ್ಯ ಮಣ್ಣುಗೂಡಿ ಜನ ದಿಕ್ಕೆಟ್ಟಿರಬೇಕಿತ್ತು. ಅಂಥ ಹೊತ್ತಿನಲ್ಲಿ ಯಲಹಂಕ ನಾಡಿನ ಒಬ್ಬ ಪಾಳೆಯಗಾರ ತನ್ನ ಊರಿನ ನಾಲ್ಕೂ ದಿಕ್ಕಿಗೆ ಗೋಪುರ ನಿಲ್ಲಿಸುವ ಉಮೇದಿನಲ್ಲಿದ್ದದ್ದು ಹೇಗೆ? ಕತ್ತಲೆಯ ಕಥೆಯಲ್ಲೇ ಏನೋ ಎಡವಟ್ಟಿದೆ ಎಂಬುದು ಈ ಬರಹದ ವಾದ.

ಕಥೆ ನಮಗೆಲ್ಲ ಗೊತ್ತಿರುವುದೇ. 1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ, ರಕ್ಕಸಗಿ–ತಂಗಡಗಿಗಳ ಆಸುಪಾಸಿನಲ್ಲಿ, ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್‌ಗಳ ಸುಲ್ತಾನರು ಒಂದಾಗಿ ವಿಜಯನಗರದ ಮೇಲೆ ಬಿದ್ದರು. ಮುಪ್ಪಿನ ಅಳಿಯ ರಾಮರಾಯನನ್ನು ಹಿಡಿದು ತಲೆ ಕಡಿದರು. ಆತನ ತಮ್ಮ ತಿರುಮಲ ಪೆನುಕೊಂಡೆಗೆ ಸರಿದ, ಹಂಪಿಯನ್ನು ತಿಂಗಳುಗಟ್ಟಲೆ ಲೂಟಿ ಮಾಡಿದರು. ಶಾಲೆಯ ಪಾಠ ಸಾಮಾನ್ಯವಾಗಿ ಇಲ್ಲಿಗೆ ನಿಟ್ಟುಸಿರು ಬಿಟ್ಟು ನಿಲ್ಲುತ್ತದೆ. ಮತ್ತೆ ಕಣ್ಣು ತೆರೆಯುವುದು ಹೈದರಾಲಿಯ ಹೊತ್ತಿಗೆ. ನಡುವಿನ ಸುಮಾರು ಇನ್ನೂರು ವರ್ಷ ಪರರ ದಂಡಯಾತ್ರೆ, ಪಾಳೆಯಗಾರರ ಜಗಳ ಎಂಬ ನಾಲ್ಕು ಸಾಲಿನಲ್ಲಿ ತೀರಿಹೋಗುತ್ತದೆ. ಈ ಚೌಕಟ್ಟು ಹಳೆಯ ಕಾಲದಿಂದ ಹಾಗೇ ಇಳಿದುಬಂದದ್ದಲ್ಲ. 1900ರಲ್ಲಿ ರಾಬರ್ಟ್ ಸೂಯೆಲ್ ಎಂಬ ಇಂಗ್ಲಿಷ್ ಅಧಿಕಾರಿ ವಿಜಯನಗರವನ್ನು ಜಗತ್ತು ಮರೆತ ಸಾಮ್ರಾಜ್ಯವೆಂದು ಕರೆದು ಪುಸ್ತಕ ಬರೆದ. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. ಚದುರಿಹೋಗಿದ್ದ ಕನ್ನಡಿಗರನ್ನು ಒಟ್ಟುಗೂಡಿಸಲು ಆಲೂರರಿಗೆ ಒಂದು ಶಿಖರ ಬೇಕಿತ್ತು, ಶಿಖರ ಎಂದ ಮೇಲೆ ಪ್ರಪಾತವೂ ಬೇಕಾಯಿತು. ಆ ಪ್ರಪಾತಕ್ಕೆ 1565 ಎಂದು ಹೆಸರಾಯಿತು.

ನಮ್ಮದೇ ಗಾಯವನ್ನು ನಾವೇ ನೋಡಿಕೊಳ್ಳುವಾಗ ಕೈ ನಡುಗುವುದು ಸಹಜ. ಹಾಗಾಗಿ ಇಂಥದೇ ಗಾಯವಿರುವ ಇನ್ನೊಂದು ನಾಡನ್ನು ಮೊದಲು ನೋಡಿ ಬರುವುದು ಒಳ್ಳೆಯದು. ಮಧ್ಯ ಯೂರೋಪಿನ ಚೆಕ್ ಜನರಿಗೆ ತಾಳಿಕೋಟೆ ಎಂದರೆ ಪ್ರಾಗ್ ನಗರದ ಹೊರಗಿನ ಬಿಳಿಬೆಟ್ಟ. 1620ರ ನವೆಂಬರ್ 8ರಂದು ಚೆಕ್ಕರ ನಾಡಾದ ಬೊಹೀಮಿಯಾದಲ್ಲಿ ದಂಗೆಯೆದ್ದ ಪ್ರಾಟೆಸ್ಟಂಟ್ ಜಮೀನ್ದಾರರ ಸೇನೆ ಅಲ್ಲಿ ಹ್ಯಾಬ್ಸ್‌ಬರ್ಗ್ ಚಕ್ರವರ್ತಿ ಎರಡನೆಯ ಫರ್ಡಿನಾಂಡನ ಕ್ಯಾಥೊಲಿಕ್ ಸೇನೆಯ ಎದುರು ಎರಡು ಗಂಟೆಯೊಳಗೆ ನೆಲಕಚ್ಚಿತು. ಮರುವರ್ಷ ಜೂನ್ 21ರಂದು ದಂಗೆಯ 27 ಮುಖಂಡರನ್ನು ಪ್ರಾಗ್‌ನ ಹಳೆಪೇಟೆಯ ಚೌಕದಲ್ಲಿ ಕೊಲ್ಲಲಾಯಿತು. 1627ರ ಹೊಸ ಶಾಸನದಿಂದ ಕ್ಯಾಥೊಲಿಕ್ ಮತ ಬಿಟ್ಟು ಬೇರೆ ಮತಕ್ಕೆ ಜಾಗವಿಲ್ಲದಾಯಿತು, ಆಡಳಿತದಲ್ಲಿ ಚೆಕ್ ಭಾಷೆಯ ಸಮಕ್ಕೆ ಜರ್ಮನ್ ಬಂದು ಕೂತಿತು. ಒಪ್ಪದವರು ದೇಶ ಬಿಟ್ಟರು. ನಮ್ಮಲ್ಲಿ ಬಿ.ಎಡ್. ಓದಿದವರೆಲ್ಲ ಹೆಸರು ಕೇಳಿರುವ ಶಿಕ್ಷಣತಜ್ಞ ಕೊಮೆನಿಯಸ್ ಹಾಗೆ ಹೊರಟವನು, ಹುಟ್ಟಿದ ನೆಲಕ್ಕೆ ಮರಳಲಾಗದೆ 1670ರಲ್ಲಿ ಪರದೇಶದಲ್ಲೇ ತೀರಿಕೊಂಡ. ಹತ್ತೊಂಬತ್ತನೆಯ ಶತಮಾನದಲ್ಲಿ ಚೆಕ್ ರಾಷ್ಟ್ರೀಯತೆ ಎದ್ದಾಗ ಅಲ್ಲಿನ ಲೇಖಕರು 1620ರ ನಂತರದ ಕಾಲವನ್ನೆಲ್ಲ ಕತ್ತಲ ಯುಗವೆಂದರು. ಆಲೂರರ ಪುಸ್ತಕಕ್ಕೆ ಎರಡು ವರ್ಷ ಮೊದಲು, 1915ರಲ್ಲಿ, ಅಲೋಯಿಸ್ ಯಿರಾಸೆಕ್ ಪ್ರಕಟಿಸಿದ ಕಾದಂಬರಿಯ ಹೆಸರೇ ‘ಕತ್ತಲೆ’. ಅಲ್ಲಿನ ಇತಿಹಾಸಲೇಖನದ ಪಿತಾಮಹ ಫ್ರಾಂಟಿಶೆಕ್ ಪಲಾಟ್ಸ್ಕಿ ತನ್ನ ಜೀವಮಾನದ ಮಹಾಗ್ರಂಥವನ್ನು ನಿಲ್ಲಿಸಿದ್ದು 1526ಕ್ಕೆ, ಹ್ಯಾಬ್ಸ್‌ಬರ್ಗರು ಬೊಹೀಮಿಯಾದ ಸಿಂಹಾಸನ ಏರಿದ ವರ್ಷಕ್ಕೆ.

ಆದರೆ ಕತ್ತಲೆಯೊಳಗೆ ದೀಪ ಹಿಡಿದು ಹುಡುಕಿದ ಚೆಕ್ ಇತಿಹಾಸಕಾರರಿಗೆ ಸಿಕ್ಕಿದ್ದೇ ಬೇರೆ. ಚೌಕದಲ್ಲಿ ಕೊಂದ 27 ಜನರಲ್ಲಿ ಜರ್ಮನ್ ಮಾತಾಡುವವರೂ ಇದ್ದರು, ಒಬ್ಬ ಕ್ಯಾಥೊಲಿಕನೂ ಇದ್ದ. ದಂಗೆಕೋರರು ತಮಗೆ ರಾಜನೆಂದು ಆರಿಸಿಕೊಂಡಿದ್ದ ಫ್ರೆಡ್ರಿಕ್ ಜರ್ಮನಿಯ ಪ್ಯಾಲಟಿನೇಟ್‌ನವನು. ಚೆಕ್ಕರು ಒಂದು ಕಡೆ, ಜರ್ಮನರು ಇನ್ನೊಂದು ಕಡೆ ಎಂದು ಗೆರೆ ಎಳೆಯಲು ಆಗುವ ಯುದ್ಧವಲ್ಲ ಅದು. ಸೋಲಿನ ನಂತರದ ಶತಮಾನದಲ್ಲಿ ಚೆಕ್ ಭಾಷೆಯ ಪರವಾಗಿ ಬಲವಾದ ವಾದ ಬರೆದವನು ಯಾರೆಂದರೆ ಬೊಹುಸ್ಲಾವ್ ಬಲ್ಬೀನ್ ಎಂಬ ಜೆಸ್ಯುಯಿಟ್ ಪಾದ್ರಿ, ಅಂದರೆ ಗೆದ್ದವರ ಮತಪಂಥದವನೇ. 1670ರ ದಶಕದಲ್ಲಿ ಬರೆದ ಅದು ಅಚ್ಚಾದದ್ದು 1775ರಲ್ಲಿ. ಇಂದು ಪ್ರವಾಸಿಗರು ಪ್ರಾಗ್‌ಗೆ ಹೋಗಿ ಕತ್ತೆತ್ತಿ ನೋಡುವ ಬರೋಕ್ ಇಗರ್ಜಿಗಳು, ಚಾರ್ಲ್ಸ್ ಸೇತುವೆಯ ಮೇಲಿನ ಪ್ರತಿಮೆಗಳ ಸಾಲು, ಇವೆಲ್ಲ ಬಹುಪಾಲು ಆ ಕತ್ತಲ ಯುಗದ ಕೆಲಸ. ಯೋಸೆಫ್ ಪೆಕಾರ್ಷ್ ಎಂಬ ಇತಿಹಾಸಕಾರ ಇದನ್ನು ಎತ್ತಿ ಹೇಳಿ ಸಾಕಷ್ಟು ಬೈಸಿಕೊಂಡ. ಬೈದವರು ಮರೆತದ್ದೊಂದಿತ್ತು: ಬಿಳಿಬೆಟ್ಟದ ಸೋಲು ಚೆಕ್ ಜನರಿಗೆ ಅಳತೆಯಿಲ್ಲದ ದುರಂತ ಎಂದು ಅವನೂ ಬರೆದಿದ್ದ. ದುರಂತ ಒಂದು ದಿನದ್ದು, ನಂತರದ ನೂರೈವತ್ತು ವರ್ಷ ಬದುಕಿದವರು ಅದರ ಅಡಿಟಿಪ್ಪಣಿಯಲ್ಲ ಎಂಬುದಷ್ಟೇ ಅವನ ತಕರಾರು.

ಈಗ ಕೃಷ್ಣೆಯ ದಂಡೆಗೆ ಮರಳೋಣ. ಆ ಯುದ್ಧದಲ್ಲೂ ನೆಟ್ಟಗೆ ಗೆರೆ ಎಳೆಯಲು ಬರುವುದಿಲ್ಲ. ರಾಮರಾಯ ಹರೆಯದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದನೆಂದು ಗೋಲ್ಕೊಂಡದ ಒಂದು ಹಳೆಯ ಚರಿತ್ರೆ ಹೇಳುತ್ತದೆ. ಯುದ್ಧದಲ್ಲಿ ಅವನ ಎದುರು ನಿಂತ ಇಬ್ರಾಹಿಂ ಕುತುಬ್ ಷಾ, ಅಣ್ಣನಿಗೆ ಹೆದರಿ ಓಡಿಬಂದು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದವನು. ಬಿಜಾಪುರದ ಅಲಿ ಆದಿಲ್ ಷಾ, ರಾಮರಾಯನ ಮಗ ತೀರಿಕೊಂಡಾಗ ತಾನೇ ವಿಜಯನಗರಕ್ಕೆ ಹೋಗಿ ದುಃಖ ವಿಚಾರಿಸಿ ಬಂದನೆಂದು, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳೆಂದು ಚರಿತ್ರೆಕಾರ ಫೆರಿಷ್ತಾ ಬರೆಯುತ್ತಾನೆ. ಯುದ್ಧಕ್ಕೆ ಕೆಲವೇ ವರ್ಷ ಮುಂಚೆ ಬಿಜಾಪುರ, ವಿಜಯನಗರಗಳು ಕೂಡಿಕೊಂಡು ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದವು. ವರ್ಷವರ್ಷವೂ ಪಕ್ಷ ಬದಲಾಗುತ್ತಿದ್ದ ಈ ರಾಜಕಾರಣದಲ್ಲಿ ರಾಮರಾಯ ಎಲ್ಲರನ್ನೂ ಎಲ್ಲರ ಮೇಲೂ ಎತ್ತಿಕಟ್ಟಿ ಕೊನೆಗೆ ಎಲ್ಲರನ್ನೂ ತನ್ನ ಮೇಲೆ ಎಳೆದುಕೊಂಡ. ನಮ್ಮ ಬೆಂಗಳೂರಿನ ನೆನಪೂ ಆ ಸಾಮ್ರಾಜ್ಯವನ್ನು ಬರೀ ಚಿನ್ನದ ತೂಕದಲ್ಲಿ ತೂಗುವುದಿಲ್ಲ. 1537ರಲ್ಲಿ ಕೋಟೆ ಕಟ್ಟಿಸಿದ ಹಿರಿಯ ಕೆಂಪೇಗೌಡರು ಸ್ವಂತ ನಾಣ್ಯ ಟಂಕಿಸಿದರೆಂದು ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟದ್ದು ಇದೇ ರಾಮರಾಯನ ಕಾಲದ ದರ್ಬಾರು ಎಂಬ ಪ್ರತೀತಿ ಇದೆ. ಬಿಡುಗಡೆಯಾಗಿ ಬಂದ ಗೌಡರು ಗವಿ ಗಂಗಾಧರೇಶ್ವರನ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದರೆಂದೂ ಹೇಳುತ್ತಾರೆ. ಊರಿನ ಸ್ಥಾಪಕನನ್ನು ಜೈಲಿಗೆ ಹಾಕಿದ ಅರಮನೆ ಬಿದ್ದದ್ದಕ್ಕೆ ಆ ಊರಿನವರು ಎಷ್ಟು ಅತ್ತರೋ, ಯಾರಿಗೆ ಗೊತ್ತು!

ಅರಮನೆ ಬಿದ್ದ ಮೇಲೆ ಆದದ್ದೇನು? ಕೇಂದ್ರ ಸಡಿಲವಾದ ಹಾಗೆ ಅಂಚುಗಳು ಗಟ್ಟಿಯಾದವು. ಮಲೆನಾಡಿನಲ್ಲಿ ಕೆಳದಿಯ ನಾಯಕರು ಕರಾವಳಿಯವರೆಗೂ ಕೈ ಚಾಚಿದರು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣ ಕಿತ್ತುಕೊಂಡು ಅಲ್ಲೇ ದಸರೆ ಶುರುಮಾಡಿದರು. ಇಂದು ಮೈಸೂರಿನಲ್ಲಿ ಲಕ್ಷಾಂತರ ಜನ ನೋಡುವ ಜಂಬೂಸವಾರಿಯ ಬೇರು ಇರುವುದು ನಾವು ಪತನ ಎನ್ನುವ ಕಾಲದಲ್ಲಿ. ಸಾಹಿತ್ಯದ ಕಡೆ ತಿರುಗಿದರೆ ಕತ್ತಲೆಯ ಕಥೆ ಇನ್ನೂ ಪೇಚಿಗೆ ಸಿಕ್ಕುತ್ತದೆ. 1604ರಲ್ಲಿ ಭಟ್ಟಾಕಳಂಕ ‘ಕರ್ಣಾಟಕ ಶಬ್ದಾನುಶಾಸನ’ ಬರೆದು ಮುಗಿಸಿದ. ಕನ್ನಡಕ್ಕೆ ಸಂಸ್ಕೃತದ ಸೂತ್ರಗಳಲ್ಲಿ ಅಷ್ಟು ವಿಸ್ತಾರವಾದ ವ್ಯಾಕರಣ ಅದಕ್ಕೂ ಮೊದಲು ಬಂದಿರಲಿಲ್ಲ. ಹದಿನೇಳನೆಯ ಶತಮಾನದ ನಡುವಿಗೆ ಷಡಕ್ಷರದೇವನ ‘ರಾಜಶೇಖರ ವಿಳಾಸ’ ಬಂತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯ ಮತ್ತು ಚಿಕುಪಾಧ್ಯಾಯರಿದ್ದರು. ಕನ್ನಡದಲ್ಲಿ ಉಳಿದುಬಂದಿರುವ ಮೊದಲ ನಾಟಕವೆನ್ನುವ ‘ಮಿತ್ರವಿಂದಾ ಗೋವಿಂದ’ವನ್ನು ಸಿಂಗರಾರ್ಯ ಬರೆದದ್ದು ಅಲ್ಲೇ. ಅರಸರ ಎಲೆಯಡಿಕೆಯ ಸಂಚಿ ಹೊರುತ್ತಿದ್ದ ಊಳಿಗದ ಹೆಣ್ಣು ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದು, ಹೆಣ್ಣುಮಕ್ಕಳನ್ನು ಕೀಳಾಗಿ ಕಾಣುವ ಗಂಡಸರನ್ನು ತರಾಟೆಗೆ ತೆಗೆದುಕೊಂಡದ್ದೂ ಆಗಲೇ. ಇನ್ನು ಹರಿದಾಸರು: ಪುರಂದರದಾಸರ ಪರಂಪರೆಗೆ ಎರಡನೆಯ ಉಸಿರು ಕೊಟ್ಟ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಬೆಳೆದದ್ದು ರಾಯಚೂರು ಸೀಮೆಯಲ್ಲಿ. ಜಗನ್ನಾಥದಾಸರು ಮಾನವಿಯಲ್ಲಿ ಕೂತು ‘ಹರಿಕಥಾಮೃತಸಾರ’ ರಚಿಸುವಾಗ ಅಲ್ಲಿ ನಡೆಯುತ್ತಿದ್ದದ್ದು ನಿಜಾಮರ ಆಳ್ವಿಕೆ. ರಾಯರ ರಾಜ್ಯ ಮುಗಿದ ಮೇಲೆ ದಾಸರ ಬಾಯಿ ಕಟ್ಟಲಿಲ್ಲ.

ಬೆಂಗಳೂರಿನ ಪಾಲಿಗೆ ಈ ಕಾಲದ ಬಹು ಮುಖ್ಯವಾದ, ಬಹು ಕಡಿಮೆ ಹೇಳುವ ಅಧ್ಯಾಯ 1638ರಿಂದ 1687ರವರೆಗಿನದು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ. ಅವನ ಜೊತೆ ಬಂದಿದ್ದ ಷಹಾಜಿ ಭೋಂಸಲೆಗೆ ಆದಿಲ್‌ಷಾಹಿ ದರ್ಬಾರು ಊರನ್ನು ಜಾಗೀರಾಗಿ ಕೊಟ್ಟಿತು. ಕೆಂಪೇಗೌಡರ ಮನೆತನ ಮಾಗಡಿ, ಸಾವನದುರ್ಗದ ಕಡೆಗೆ ಸರಿಯಿತು. ಷಹಾಜಿ ಬೆಂಗಳೂರನ್ನು ತನ್ನ ದಕ್ಷಿಣದ ಆಡಳಿತಕ್ಕೆ ರಾಜಧಾನಿ ಮಾಡಿಕೊಂಡ. ಪತ್ನಿ ಜೀಜಾಬಾಯಿ, ಬಾಲಕ ಶಿವಾಜಿ ಕೆಲಕಾಲ ಇಲ್ಲಿ ಬಂದಿದ್ದರು. ಅವನ ಆಸ್ಥಾನದಲ್ಲಿದ್ದ ಜಯರಾಮ ಪಿಂಡ್ಯೆ ಎಂಬ ಕವಿ ‘ರಾಧಾಮಾಧವವಿಲಾಸ ಚಂಪೂ’ ಎಂಬ ಕಾವ್ಯ ಬರೆದಿದ್ದಾನೆ. ಅದರ ಒಂದು ಭಾಗದಲ್ಲಿ ಷಹಾಜಿಯನ್ನು ಹತ್ತು ಹನ್ನೆರಡು ಭಾಷೆಗಳಲ್ಲಿ ಕೊಂಡಾಡಲಾಗಿದೆ, ಅವುಗಳಲ್ಲಿ ಕನ್ನಡವೂ ಒಂದು. ಮಾಹಿತಿ ತಂತ್ರಜ್ಞಾನ ಬಂದ ಮೇಲೆ ಬೆಂಗಳೂರು ಬಹುಭಾಷೆಯ ಊರಾಯಿತು ಎನ್ನುವವರು ಈ ಚಂಪೂವಿನತ್ತ ಒಮ್ಮೆ ಕಣ್ಣು ಹಾಯಿಸಬೇಕು. 1664ರ ಜನವರಿಯಲ್ಲಿ ಷಹಾಜಿ ಬೇಟೆಯಲ್ಲಿದ್ದಾಗ ಕುದುರೆಯಿಂದ ಬಿದ್ದು ಸತ್ತದ್ದು ಇಂದಿನ ದಾವಣಗೆರೆ ಜಿಲ್ಲೆಯ ಹೊದಿಗೆರೆಯಲ್ಲಿ. ಸಮಾಧಿಯೂ ಅಲ್ಲೇ ಇದೆ, ಚನ್ನಗಿರಿ ತಾಲ್ಲೂಕಿನ ಹೊಲಗಳ ನಡುವೆ. ನಂತರ ಬೆಂಗಳೂರು ಬಂದದ್ದು ಅವನ ಇನ್ನೊಬ್ಬ ಮಗ ಎಕೋಜಿಯ ಕೈಗೆ.

ಎಕೋಜಿಯ ಕಾಲದ ಒಂದು ಕುರುಹು ಮಲ್ಲೇಶ್ವರದಲ್ಲಿದೆ. ಕಾಡು ಮಲ್ಲೇಶ್ವರ ದೇವಸ್ಥಾನದ ಬಳಿಯ ಬಂಡೆಯಲ್ಲಿ ಕೊರೆದಿರುವ 1669ರ ಶಾಸನ, ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಎಕೋಜಿ ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ಬಿಟ್ಟುಕೊಟ್ಟದ್ದನ್ನು ದಾಖಲಿಸುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲೊಂದಾದ ಮಲ್ಲೇಶ್ವರದ ಇತಿಹಾಸಕ್ಕೆ ಮೊದಲ ಗಟ್ಟಿ ದಾಖಲೆ ಇದು, ಕೊಟ್ಟವನು ಮರಾಠ ಸರದಾರ, ಪಡೆದದ್ದು ಸ್ಥಳೀಯ ದೇವರು. ಮರಾಠರ ಜೊತೆಗೆ ಬಂದ ಲೆಕ್ಕಪತ್ರದ ಪದ್ಧತಿ ಅವರು ಹೋದ ಮೇಲೂ ಹೋಗಲಿಲ್ಲ. ಮೈಸೂರು ಸಂಸ್ಥಾನದ ಕಂದಾಯದ ಲೆಕ್ಕವನ್ನು ಕನ್ನಡದ ಜೊತೆಗೆ ಮರಾಠಿಯಲ್ಲೂ ಬರೆಯುವ ರೂಢಿ ಬಹುಕಾಲ ಉಳಿಯಿತು. 1670ರ ದಶಕದಲ್ಲಿ ಎಕೋಜಿ ತಂಜಾವೂರನ್ನು ಹಿಡಿದು ಅಲ್ಲೇ ನೆಲೆಯೂರಿದ ಮೇಲೆ ದೂರದ ಬೆಂಗಳೂರು ಅವನಿಗೆ ಹೊರೆಯಾಯಿತು. ಚಿಕ್ಕದೇವರಾಜರಿಗೆ ಮಾರಲು ಮಾತುಕತೆ ನಡೆದಿರುವಾಗಲೇ, 1687ರಲ್ಲಿ, ಔರಂಗಜೇಬನ ಸೇನಾಧಿಕಾರಿ ಖಾಸಿಂ ಖಾನ್ ಬಂದು ಊರನ್ನು ಹಿಡಿದ. ಕೊನೆಗೆ ಮೈಸೂರು ಮೂರು ಲಕ್ಷ ರೂಪಾಯಿ ಕೊಟ್ಟು ಮೊಗಲರಿಂದ ಅದನ್ನು ಪಡೆಯಿತು. ಕೊಂಡದ್ದೋ ಗುತ್ತಿಗೆಗೆ ಹಿಡಿದದ್ದೋ ಎಂದು ವಿದ್ವಾಂಸರು ಇನ್ನೂ ಜಗ್ಗಾಡುತ್ತಾರೆ. ಏನೇ ಆಗಲಿ, ಹಾಳೂರಿಗೆ ಯಾರೂ ಮೂರು ಲಕ್ಷ ಎಣಿಸುವುದಿಲ್ಲ. ಕತ್ತಲ ಯುಗದಲ್ಲಿ ಪೇಟೆಯ ವ್ಯಾಪಾರ ಎಷ್ಟು ಕುದುರಿತ್ತು ಎಂಬುದಕ್ಕೆ ಆ ಬೆಲೆಯೇ ಸಾಕ್ಷಿ.

ಇದಕ್ಕೆ ಮೊದಲ ಆಕ್ಷೇಪ ಬರುವುದು ಇಲ್ಲೇ: ಪರರ ಆಳ್ವಿಕೆಗೆ ಬಣ್ಣ ಬಳಿಯುತ್ತಿದ್ದೀರಿ, ಜಾಗೀರುದಾರ ದಾನ ಕೊಟ್ಟ ಶಾಸನ ತೋರಿಸಿ ಅವನ ಕುದುರೆ ತುಳಿದ ಪೈರನ್ನು ಮರೆಸುತ್ತಿದ್ದೀರಿ ಎಂದು. ಆಕ್ಷೇಪದಲ್ಲಿ ಹುರುಳಿದೆ. 1638ರಲ್ಲಿ ಕೆಂಪೇಗೌಡರ ಮನೆತನ ಕಟ್ಟಿದ ಊರನ್ನೇ ಬಿಟ್ಟು ಹೋಗಬೇಕಾಯಿತು, ಅದು ಸಣ್ಣ ಅನ್ಯಾಯವಲ್ಲ. ದಂಡು ಹಾದುಹೋದ ದಾರಿಯ ಹಳ್ಳಿಗಳ ಪಾಡನ್ನು ಯಾವ ಚಂಪೂವೂ ಹಾಡುವುದಿಲ್ಲ. 1791ರಲ್ಲಿ ಪರಶುರಾಮ ಭಾವುವಿನ ಮರಾಠ ಸೇನೆಯ ಜೊತೆಗಿದ್ದ ಲೂಟಿಕೋರರು ಶೃಂಗೇರಿ ಮಠವನ್ನೇ ಸೂರೆ ಮಾಡಿದರು. ಆಗ ಮಠಕ್ಕೆ ನೆರವು ಕಳಿಸಿದವನು ಟಿಪ್ಪು, ಆ ಕುರಿತ ಅವನ ಕನ್ನಡದ ಪತ್ರಗಳು ಮಠದಲ್ಲೇ ಸಿಕ್ಕಿವೆ. ನೆರೆಯವರು ಸಾಧುಗಳಾಗಿದ್ದರು ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ನೆರೆಯವರು ಯಾವತ್ತೂ ಒಂದೇ ವೇಷದಲ್ಲಿ ಬರಲಿಲ್ಲ ಎಂಬುದಷ್ಟೇ ಮಾತು. ಒಂದೇ ಹದಿನೈದು ವರ್ಷದೊಳಗಿನ ಎರಡು ಘಟನೆ ನೋಡಿ. ದಕ್ಷಿಣ ದಿಗ್ವಿಜಯ ಮುಗಿಸಿ ಮರಳುತ್ತಿದ್ದ ಶಿವಾಜಿಯ ಸೇನೆಯನ್ನು 1678ರ ಸುಮಾರಿಗೆ ಇಂದಿನ ಬೆಳಗಾವಿ ಜಿಲ್ಲೆಯ ಬೆಳವಡಿಯಲ್ಲಿ ಮಲ್ಲಮ್ಮ ತಡೆದು ನಿಲ್ಲಿಸಿದಳು. ಆ ಮುಖಾಮುಖಿಯ ನೆನಪಿನದೆನ್ನುವ ಶಿಲ್ಪ ಧಾರವಾಡದ ಹತ್ತಿರ ಯಾದವಾಡದಲ್ಲಿದೆ. 1689ರಲ್ಲಿ ಅದೇ ಶಿವಾಜಿಯ ಮಗ ರಾಜಾರಾಮ ಔರಂಗಜೇಬನಿಂದ ತಲೆತಪ್ಪಿಸಿಕೊಂಡು ಜಿಂಜಿಗೆ ಓಡುವಾಗ, ಕೆಳದಿಯ ಚೆನ್ನಮ್ಮ ಅವನಿಗೆ ಆಶ್ರಯ ಕೊಟ್ಟು ದಾಟಿಸಿದಳು, ಅದಕ್ಕಾಗಿ ಮೊಗಲ್ ದಂಡನ್ನು ಎದುರಿಸಿದಳು. ಇಬ್ಬರೂ ಕನ್ನಡದ ರಾಣಿಯರು. ಒಬ್ಬಳು ಮರಾಠರ ಮೇಲೆ ಕತ್ತಿ ಹಿರಿದಳು, ಇನ್ನೊಬ್ಬಳು ಮರಾಠ ದೊರೆಗಾಗಿ ಕತ್ತಿ ಹಿರಿದಳು. ಯಾವಳು ನಿಜವಾದ ಕನ್ನಡತಿ ಎಂದು ಕೇಳುವುದೇ ಅಸಂಬದ್ಧ.

ಎರಡನೆಯ ಆಕ್ಷೇಪ ಹಂಪಿಯದು. ವಿಜಯವಿಠ್ಠಲನ ಗುಡಿಯ ಮುರಿದ ಕಂಬಗಳ, ಕೈ ಕಾಲು ಕಡಿದ ಉಗ್ರನರಸಿಂಹನ ಎದುರು ನಿಂತು ನಿಮ್ಮ ವಾದ ಹೇಳಿ ನೋಡೋಣ ಎನ್ನಬಹುದು. ಅಲ್ಲಿ ನಿಂತರೂ ಇದನ್ನೇ ಹೇಳಬಹುದು ಎಂದುಕೊಂಡಿದ್ದೇನೆ. ಹಂಪಿಯ ನಾಶ ನಿಜ, ಅದರಲ್ಲಿ ರಿಯಾಯಿತಿ ಇಲ್ಲ. ದಕ್ಷಿಣ ಭಾರತದಲ್ಲಿ ಅಷ್ಟು ದೊಡ್ಡ ನಗರ ಅಷ್ಟು ಬೇಗ ಬರಿದಾದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಪೆಕಾರ್ಷ್ ಬಿಳಿಬೆಟ್ಟದ ಬಗ್ಗೆ ಹೇಳಿದ್ದನ್ನು ಇಲ್ಲಿಗೂ ಹೊಂದಿಸಬಹುದು: ಒಂದು ನಗರದ ಸಾವನ್ನು ಒಂದು ನಾಡಿನ ಸಾವೆಂದು ಓದಬಾರದು. ಹಂಪಿ ಬರಿದಾದಾಗ ಅಲ್ಲಿದ್ದ ಕುಶಲಕರ್ಮಿಗಳು, ಪಂಡಿತರು, ವರ್ತಕರು ಆವಿಯಾಗಿ ಹೋಗಲಿಲ್ಲ. ಪೆನುಕೊಂಡೆ, ಚಂದ್ರಗಿರಿ, ಇಕ್ಕೇರಿ, ಶ್ರೀರಂಗಪಟ್ಟಣ, ತಂಜಾವೂರು, ಮಧುರೆಗಳು ಎದ್ದುನಿಂತದ್ದು ಆ ಪರಂಪರೆಯ ಮೇಲೆಯೇ. ಬಿಜಾಪುರವೂ ವಿಜಯನಗರಕ್ಕೆ ಬೆನ್ನು ತಿರುಗಿಸಿ ಬೆಳೆದ ಊರಲ್ಲ. ಅಲ್ಲಿನ ಎರಡನೆಯ ಇಬ್ರಾಹಿಂ ಆದಿಲ್ ಷಾ ಸಂಗೀತದ ಮೇಲೆ ಬರೆದ ‘ಕಿತಾಬ್-ಎ-ನೌರಸ್’ ಶುರುವಾಗುವುದು ಸರಸ್ವತಿಯ ಸ್ತುತಿಯಿಂದ. ಬಿಜಾಪುರದಲ್ಲಿ ಅಧಿಕಾರಿಯಾಗಿದ್ದ ಕಾಖಂಡಕಿಯ ಮಹಿಪತಿದಾಸರು ಕನ್ನಡದಲ್ಲಿ ಕೀರ್ತನೆ ಬರೆದರು. ಗೋಲಗುಮ್ಮಟ ಮುಗಿದದ್ದು 1656ರಲ್ಲಿ. ಅದನ್ನು ಕನ್ನಡ ನಾಡಿನ ಹೆಮ್ಮೆಯ ಪಟ್ಟಿಗೆ ಸೇರಿಸುವ ಪ್ರವಾಸೋದ್ಯಮದ ಜಾಹೀರಾತಿಗೂ, ಆ ಕಾಲವನ್ನೇ ಕತ್ತಲೆ ಎನ್ನುವ ಭಾಷಣಕ್ಕೂ ಒಟ್ಟಿಗೆ ಚಪ್ಪಾಳೆ ತಟ್ಟುವುದು ನಮಗೆ ಮುಜುಗರವಾಗಿಯೇ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ ಆಕ್ಷೇಪ. ಕಳೆದುಕೊಂಡದ್ದರ ನೋವು ಇಲ್ಲದಿದ್ದರೆ ಕರ್ನಾಟಕ ಏಕೀಕರಣವೇ ಆಗುತ್ತಿರಲಿಲ್ಲ, ಆಲೂರರು ಹಂಪಿಯ ಕಲ್ಲುಗಳ ಮುಂದೆ ಕಣ್ಣೀರಿಡದಿದ್ದರೆ ಮುಂಬಯಿ ಪ್ರಾಂತ, ಹೈದರಾಬಾದ್, ಮದರಾಸು, ಕೊಡಗು, ಮೈಸೂರುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು 1956ರಲ್ಲಿ ಒಂದು ಸೂರಿನಡಿ ಬರುತ್ತಿರಲಿಲ್ಲ ಎಂಬುದು. ಚೆಕ್ಕರೂ ಹೀಗೆಯೇ ವಾದಿಸಿದ್ದಾರೆ. ಕತ್ತಲೆಯ ಕಥೆಯಿಲ್ಲದೆ 1918ರ ಸ್ವಾತಂತ್ರ್ಯ ಎಲ್ಲಿತ್ತು ಎಂದಿದ್ದಾರೆ. ಒಪ್ಪುತ್ತೇನೆ. ಆ ಹೊತ್ತಿಗೆ ಆ ಕಥೆ ಬೇಕಿತ್ತು, ಕೆಲಸವನ್ನೂ ಮಾಡಿತು. ಆದರೆ ಕೆಲಸ ಮುಗಿದ ಮೇಲೆ ಅಂಥ ಕಥೆ ಸುಮ್ಮನೆ ಕೂರುವುದಿಲ್ಲ. 1918ರ ನವೆಂಬರ್ 3ರಂದು, ಸ್ವಾತಂತ್ರ್ಯ ಬಂದು ವಾರವೂ ಆಗುವ ಮೊದಲು, ಪ್ರಾಗ್‌ನ ಗುಂಪೊಂದು ಹಳೆಪೇಟೆಯ ಚೌಕದಲ್ಲಿದ್ದ ಮೇರಿ ಮಾತೆಯ ಸ್ತಂಭಕ್ಕೆ ಹಗ್ಗ ಕಟ್ಟಿ ಉರುಳಿಸಿತು. 1650ರಲ್ಲಿ ನಿಲ್ಲಿಸಿದ್ದ ಆ ಸ್ತಂಭ ಹ್ಯಾಬ್ಸ್‌ಬರ್ಗರ ಗೆಲುವಿನ ಗುರುತು ಎಂಬುದು ಅವರ ಕೋಪ. ಹಾಗೆ ನೋಡಿದರೆ ಅದನ್ನು ನಿಲ್ಲಿಸಿದ್ದು 1648ರಲ್ಲಿ ಸ್ವೀಡನ್ನಿನ ಸೇನೆಯಿಂದ ಪ್ರಾಗ್ ಉಳಿದುಕೊಂಡದ್ದಕ್ಕೆ ಕೃತಜ್ಞತೆಯಾಗಿ. ನೂರು ವರ್ಷ ಜಗಳವಾಡಿ 2020ರ ಜೂನ್‌ನಲ್ಲಿ ಅದೇ ಜಾಗದಲ್ಲಿ ಸ್ತಂಭದ ಪ್ರತಿಕೃತಿಯನ್ನು ಮತ್ತೆ ನಿಲ್ಲಿಸಿದರು, ಆಗಲೂ ಪರ–ವಿರೋಧದ ಕೂಗು ಎದ್ದಿತು. ನಮ್ಮಲ್ಲೂ ಆಗುತ್ತಿರುವುದು ಹೆಚ್ಚು ಬೇರೆಯಲ್ಲ. ಬೆಳಗಾವಿಯ ಗಡಿ ತಂಟೆಯಲ್ಲಿ 1967ರ ಮಹಾಜನ ವರದಿ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ದಾವೆ, ಜನಗಣತಿಯ ಅಂಕಿ, ಹೀಗೆ ಮಾತಾಡಲು ಗಟ್ಟಿ ವಿಷಯಗಳಿವೆ. ಆದರೂ ಪ್ರತಿ ನವೆಂಬರ್ ಬಂತೆಂದರೆ ಎರಡೂ ಕಡೆಯವರು ಚಾಲುಕ್ಯರನ್ನು, ಶಿವಾಜಿಯನ್ನು ಬೀದಿಗೆ ಕರೆತಂದು ಪರಸ್ಪರರ ಪ್ರತಿಮೆಗಳಿಗೆ ಮಸಿ ಬಳಿಯುತ್ತಾರೆ.

ಚಾಲುಕ್ಯರ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನಮ್ಮ ಬನಶಂಕರಿ ಬಡಾವಣೆಗೆ ಹೆಸರು ಕೊಟ್ಟ ದೇವಿ ಅವರ ಕುಲದೇವತೆ. ಬನಶಂಕರಿಯ ಮೂಲಸ್ಥಾನ ಬಾದಾಮಿಯ ಹತ್ತಿರದ ಚೋಳಚಗುಡ್ಡದಲ್ಲಿದೆ. ಅಲ್ಲಿ ಇಂದು ಜನ ಕೈಮುಗಿಯುವ ದೇವಸ್ಥಾನ ಚಾಲುಕ್ಯರ ಕಾಲದ ಕಟ್ಟಡವಲ್ಲ. 1750ರಲ್ಲಿ ಪರಶುರಾಮ ಆಗಳೆ ಎಂಬ ಮರಾಠ ಸರದಾರ ಅದನ್ನು ಹೊಸದಾಗಿ ಕಟ್ಟಿಸಿದನೆಂದು ಹೇಳುತ್ತಾರೆ. ಜಾತ್ರೆಗೆ ಬರುವವರಲ್ಲಿ ಕನ್ನಡದವರೂ ಮರಾಠಿಯವರೂ ಇದ್ದಾರೆ, ದೇವಾಂಗ ನೇಕಾರರಿಗಂತೂ ಅವಳೇ ಕುಲದೇವಿ. ಪುಲಿಕೇಶಿಯ ದೇವಿಗೆ ಮರಾಠನೊಬ್ಬ ಸೂರು ಕಟ್ಟಿಸಿದ ಕಾಲವನ್ನು ಏನೆಂದು ಕರೆಯೋಣ? ಕತ್ತಲೆ ಎಂದರೆ ಕನಕಪುರ ರಸ್ತೆಯ ಬನಶಂಕರಿ ಗುಡಿಯಲ್ಲಿ ಪ್ರತಿ ಮಂಗಳವಾರ, ಶುಕ್ರವಾರ ನಿಂಬೆಹಣ್ಣಿನ ದೀಪ ಹಚ್ಚಲು ಸಾಲು ನಿಲ್ಲುವ ಭಕ್ತರೂ ಒಪ್ಪಲಾರರು.

‘ಪರರು’ ಮತ್ತು ‘ನಮ್ಮವರು’ ಎಂಬ ಅಳತೆಗೋಲಿನ ಪರೀಕ್ಷೆಗೆ ಬೆಂಗಳೂರಿನದೇ ಇನ್ನೊಂದು ಸಂಗತಿ ಇದೆ. ಪ್ರತಿ ಜೂನ್ 27ರಂದು ಕೆಂಪೇಗೌಡ ಜಯಂತಿ ನಡೆಯುತ್ತದೆ. 2022ರಲ್ಲಿ ವಿಮಾನ ನಿಲ್ದಾಣದ ಎದುರು 108 ಅಡಿಯ ಪ್ರತಿಮೆಯೂ ಬಂತು. ಭಾಷಣಗಳಲ್ಲಿ 1537 ತಪ್ಪದೆ ಬರುತ್ತದೆ, 1728 ಬರುವುದಿಲ್ಲ. ಬಿಜಾಪುರದವರು ಊರು ಕಿತ್ತುಕೊಂಡ ಮೇಲೂ ಕೆಂಪೇಗೌಡರ ಮನೆತನ ಮಾಗಡಿಯಲ್ಲಿ ತೊಂಬತ್ತು ವರ್ಷ ಆಳಿತು, ಗುಡಿ ಕಟ್ಟಿಸಿತು, ಕೆರೆ ತೋಡಿಸಿತು. ಅಲ್ಲಿನ ಸೋಮೇಶ್ವರ ದೇವಾಲಯ ಆ ಕಾಲದ್ದು. ಆ ಮನೆತನವನ್ನು ಮುಗಿಸಿದ್ದು ಆದಿಲ್ ಷಾ ಅಲ್ಲ, ಷಹಾಜಿಯೂ ಅಲ್ಲ, ಔರಂಗಜೇಬನೂ ಅಲ್ಲ. ಕನ್ನಡದವರದೇ ಆದ ಮೈಸೂರು. ತೆರಿಗೆಯ ವಿರುದ್ಧ ಎದ್ದ ರೈತರ ದಂಗೆಯನ್ನು ನಿರ್ದಯವಾಗಿ ಹೊಸಕಿ ಹಾಕಿದ ಚಿಕ್ಕದೇವರಾಜರ ಅದೇ ಮೈಸೂರು, ಸಂಚಿ ಹೊನ್ನಮ್ಮನಿಗೆ ಬರೆಯಲು ಇಂಬು ಕೊಟ್ಟದ್ದೂ ಅದೇ. 1728ರಲ್ಲಿ ದಳವಾಯಿ ದೇವರಾಜಯ್ಯ ಮಾಗಡಿಗೆ ಮುತ್ತಿಗೆ ಹಾಕಿ, ಕೊನೆಯ ಕೆಂಪೇಗೌಡರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅವರು ತೀರಿಕೊಂಡದ್ದು ಅಲ್ಲಿನ ಸೆರೆಮನೆಯಲ್ಲಿ. ಸಾವನದುರ್ಗದ ಕೋಟೆಯಲ್ಲಿದ್ದ ಅವರ ಖಜಾನೆ ಮೈಸೂರಿನ ಪಾಲಾಯಿತು.